ಪಾರ್ಸಲ್ ಮಾರ್ತಾಂಡನ ಪಿಯಾನೋ

ಗಾರ್ಡ್ ಫರ್ನಾಂಡಿಸ್ ಸಾಹೇಬರು "ಇದನ್ನ ನೀ ಒಯ್ತಿ ಏನು?" ಎಂದು ಕೇಳಿದಾಗ ಮಾರ್ತಾಂಡ ಹಿಂದೆಮುಂದೆ ನೋಡದೆ "ಹೂಂ" ಎಂದುಬಿಟ್ಟ. ಆಮೇಲಿನದೆಲ್ಲ ಆ ಒಂದು "ಹೂಂ"ನ ಪ್ರಸಾದ.

"ಇದು" ಎಂದರೆ ಪಿಯಾನೋ. ಸಾಹೇಬರಿಗೆ ಗುಂತಕಲ್ಲಿಗೆ ವರ್ಗವಾಗಿತ್ತು. ಅಲ್ಲಿ ಸಿಕ್ಕ ಖೋಲಿಯಲ್ಲಿ ಪಿಯಾನೋ ಇಟ್ಟರೆ ಸಾಹೇಬರು ಹೊರಗೆ ಮಲಗಬೇಕು. ಮಾರ್ತಾಂಡ ಒಲ್ಲೆ ಎಂದರೆ ಅದನ್ನು ಒಡೆದು ನೀರೊಲೆಗೆ ಹಾಕುವುದಾಗಿ ಅವರು ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಮಾರ್ತಾಂಡ ಗದಗ ಜಂಕ್ಷನ್ನಿನ ಪಾರ್ಸಲ್ ಆಫೀಸಿನ ಕಾರಕೂನ. ಹಗಲೆಲ್ಲ ಹತ್ತಿಯ ಅಂಡಿಗೆಗಳಿಗೆ ಚೀಟಿ ಅಂಟಿಸಿ, ಸಂಜೆಯಾದರೆ ಸಾಹೇಬರ ಕ್ವಾರ್ಟರ್ಸಿಗೆ ಓಡುತ್ತಿದ್ದ. ಸಾಹೇಬರು ಒಂದು ಕಾಲಕ್ಕೆ ಮುಂಬೈಯ ದೊಡ್ಡ ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ ಪಿಯಾನೋ ನುಡಿಸಿದವರು. ಸರಕಾರದ ದಾರೂಬಂದಿ ಕಾಯ್ದೆ ಬಂದು ಹೋಟೆಲಿನಲ್ಲಿ ಕುಣಿಯುವವರ ಕಾಲುಗಳು ಒಣಗಿದ ಮೇಲೆ ಹಸಿರು ಬಾವುಟ ಹಿಡಿದು ಗಾರ್ಡ್ ಆಗಿದ್ದರು. ಜಾಝಿನವರಿಗೆಲ್ಲ ಬಾಯಿಪಾಠವಾಗಿರುವ ಹಳೆಯ ಅಮೆರಿಕನ್ ಹಾಡುಗಳನ್ನು ಅವರು ಮಾರ್ತಾಂಡನಿಗೆ ಕಲಿಸಿದರು. ಕಲಿತ ಮೇಲೆ ಅವನ್ನು ಬದಲಿಸುವುದನ್ನೂ ಕಲಿಸಿದರು.

"ಬಲಗೈಯಾಗ ಹಾಡು. ಅದನ್ನ ಮುಟ್ಟಬ್ಯಾಡ," ಎನ್ನುತ್ತಿದ್ದರು ಸಾಹೇಬರು. "ಎಡಗೈಯಾಗ ಕಾರ್ಡು, ಅಂದ್ರ ಸ್ವರದ ಗುಂಪು. ಅದನ್ನ ಬದಲಿ ಮಾಡು. ಮ್ಯಾಲೆ ನಿಂತಾವ ಅದೇ ಮನಶಾ. ಅವನ ಕಾಲಕೆಳಗಿನ ನೆಲಾ ಬ್ಯಾರೆ. ಆಗ ನೋಡು, ಅವನ ಮಾರಿನೂ ಬ್ಯಾರೆ ಕಾಣಸ್ತದ."

ಮಾರ್ತಾಂಡನಿಗೆ ಇದರ ಹುಚ್ಚು ಎಷ್ಟು ಹಿಡಿಯಿತೆಂದರೆ, ಸಂಕಷ್ಟಿಯ ದಿನ ಮನೆಯವರೆಲ್ಲ ಆರತಿ ಹಾಡುವಾಗಲೂ ಅವನ ಎಡಗೈ ತಾಟಿನ ಅಡಿಯಲ್ಲಿ ಕಾರ್ಡು ಹುಡುಕುತ್ತಿತ್ತು. ಕರ್ಪೂರ ಎರಡು ಸಲ ಅವನ ಧೋತರದ ಮೇಲೆ ಬಿದ್ದಿತ್ತು.

ಅವನ ಹೆಂಡತಿ ಅಂಬುಬಾಯಿ ಪಿಯಾನೋದ ಮಾತು ಬಂದಾಗ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದಳು. "ಆ ಪೆಟ್ಟಿಗಿ ಈ ಮನಿಗೆ ಬಂದ್ರ ಒಂದೋ ಅದು ಇರ್ತದ, ಇಲ್ಲಾ ನಾ ಇರ್ತೀನಿ."

ಈಗ ಅವಳು ದೀಪಾವಳಿಗೆಂದು ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು. ಬರುವುದು ಪಾಡ್ಯ ಮುಗಿಸಿಕೊಂಡು. ಅಷ್ಟರೊಳಗೆ ಪಿಯಾನೋ ಪಡಸಾಲೆಗೆ ತಂದು, ಮೇಲೊಂದು ಜಮಖಾನಿ ಹಾಸಿ, ಅದರ ಮೇಲೆ ಗಣಪತಿಯನ್ನು ಕೂಡಿಸಿಬಿಟ್ಟರೆ ಅವಳು ಗಣಪತಿಯನ್ನು ಇಳಿಸಲಾರಳು. ಮಾರ್ತಾಂಡನ ಬೇತು ಇಷ್ಟೇ.

ಹಬ್ಬದ ಹಿಂದಿನ ದಿನ ನಸುಕಿನಲ್ಲೆದ್ದು ಅವನು ಪಡಸಾಲೆ ಖಾಲಿ ಮಾಡುತ್ತಿದ್ದ. ಬಾಜೂ ಮನೆಯ ಜಾನಕೀಬಾಯಿ ಅಂಗಳಕ್ಕೆ ನೀರು ಹಾಕುವ ನೆಪದಲ್ಲಿ ಬಂದು ನಿಂತರು.

"ಏನ ನಡಿಸೀಯೋ ಮಾರ್ತಾಂಡ?"

"ಏನಿಲ್ಲ ವೈನಿ. ಒಂದು ಕಪಾಟು ಬರೋದದ."

"ಕಪಾಟು?" ಎಂದರು ಜಾನಕೀಬಾಯಿ. "ಫರ್ನಾಂಡಿಸ್ ಸಾಹೇಬ್ರು ಊರು ಬಿಡ್ತಾರಂತಲ್ಲ, ಅವರ ಕಪಾಟೇನು? ಬಾರ್ಸೋ ಕಪಾಟು?"

ಮಾರ್ತಾಂಡ ಕೆಮ್ಮಿದ. ಜಾನಕೀಬಾಯಿ ಖಾಲಿ ತಂಬಿಗೆಯಿಂದ ಇನ್ನಷ್ಟು ನೀರು ಹಾಕಿ ಒಳಗೆ ಹೋದರು.

ಆ ದಿನ ಸಾಮಾನ್ಯ ದಿನವಾಗಿರಲಿಲ್ಲ. ಗದಗು ಅಂದು ಮುಂಬೈ ರಾಜ್ಯದಿಂದ ಕಳಚಿ, ಕನ್ನಡ ನಾಡೆಲ್ಲ ಒಂದಾದ ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ಓಣಿಓಣಿಗೆ ತಳಿರು ತೋರಣ, ಎತ್ತುಗಳ ಕೋಡಿಗೆ ಬಣ್ಣ. ಗಾಡಿ ಹೊಡೆಯುವ ಹನಮಪ್ಪ ಕೂಡ ತನ್ನ ಎತ್ತುಗಳ ಬೆನ್ನಿಗೆ ಝೂಲ ಹೊದಿಸಿ, ಗಾಡಿಗೆ ಬಾಳೆಕಂಬ ಕಟ್ಟಿಕೊಂಡೇ ಬಂದಿದ್ದ. ಇದನ್ನು ನೋಡಿಯಾದರೂ ಮಾರ್ತಾಂಡ ಎಚ್ಚರಾಗಬೇಕಿತ್ತು.

ಸಾಹೇಬರ ಕ್ವಾರ್ಟರ್ಸಿನಿಂದ ಹಮಾಲರು ಪಿಯಾನೋ ಎತ್ತಿದಾಗ ಒಳಗಿನಿಂದ ನರಳಿದ ಸಪ್ಪಳ ಬಂತು. ಹನಮಪ್ಪ ಹಿಂದೆ ಸರಿದ.

"ಇದರೊಳಗ ಯಾರರ ಅದಾರೇನ್ರಿ ಸಾಹೇಬ್ರ?"

"ತಂತಿ ಅವ ಹನಮಪ್ಪಾ. ಸಾವಕಾಶ ನಡಿ. ಎತ್ತು ಓಡಸಬ್ಯಾಡ," ಎಂದರು ಸಾಹೇಬರು.

ಫರ್ನಾಂಡಿಸ್ ಸಾಹೇಬರು ಪಿಯಾನೋದ ಬೆನ್ನು ಸವರಿ, ಅದರ ಮುಚ್ಚಳದ ಕೀಲಿಯನ್ನು ಮಾರ್ತಾಂಡನ ಕೈಗಿಟ್ಟು, ತಿರುಗಿ ನೋಡದೆ ಸ್ಟೇಶನ್ನಿನ ಕಡೆ ನಡೆದರು.

ಗಾಡಿ ಮಾರ್ತಾಂಡನ ಮನೆಯಿದ್ದ ಬೆಟಗೇರಿಯ ದಾರಿ ಹಿಡಿಯಿತು. ಮೊದಲನೆಯ ಚೌಕಿನಲ್ಲೇ ಎಡಗಡೆಯಿಂದ ಮೆರವಣಿಗೆ ಬಂತು. ಮುಂದೆ ಡೊಳ್ಳು, ಹಿಂದೆ ಸಿಂಗರಿಸಿದ ಗಾಡಿಗಳ ಸಾಲು. ಒಂದರಲ್ಲಿ ತಾಯಿ ಭುವನೇಶ್ವರಿಯ ಪಟ, ಇನ್ನೊಂದರಲ್ಲಿ ರಟ್ಟಿನ ಗೋಪುರ. ಹನಮಪ್ಪನ ಎತ್ತುಗಳಿಗೆ ಝೂಲ ಹಾಕಿದ ತಮ್ಮ ಜಾತಿಯವರನ್ನು ಕಂಡು ಸಂತೋಷವಾಯಿತು. ಯಾರ ಮಾತನ್ನೂ ಕೇಳದೆ ಎರಡು ಗಾಡಿಗಳ ನಡುವೆ ಹೋಗಿ ಸೇರಿಕೊಂಡವು.

"ಹೊರಗ ತಗಿ ಹನಮಪ್ಪಾ," ಎಂದ ಮಾರ್ತಾಂಡ.

"ಎಲ್ಲಿ ತಗಿಯೂನ್ರಿ? ಹಿಂದ ಮಂದಿ, ಮುಂದ ಮಂದಿ. ನೀವು ಸುಮ್ಮ ಕೈ ಮುಗೀರಿ. ನಿಮಗ ಹೂವ ಒಗ್ಯಾಕತ್ತಾರ."

ನಿಜಕ್ಕೂ ಮಾಳಿಗೆಗಳಿಂದ ಹೂವು ಬೀಳುತ್ತಿತ್ತು. ಮಾರ್ತಾಂಡ ಪಿಯಾನೋ ಹಿಡಿದುಕೊಂಡು ನಿಂತೇ ಕೈ ಮುಗಿದ. ರಸ್ತೆಯ ಬದಿಯಲ್ಲಿ ಚರ್ಚೆ ಹುಟ್ಟಿತು. ಇಂಗ್ಲೀಷರು ಬಿಟ್ಟುಹೋದ ತಿಜೋರಿ ಅಂದರು ಕೆಲವರು. ಮುಂಬೈ ಸರಕಾರ ನಮ್ಮ ಪಾಲಿಗೆ ಕೊಟ್ಟ ಆಸ್ತಿ ಅಂದರು ಹಲವರು. ಒಬ್ಬ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ಹೋದಳು.

ಮುನ್ಸಿಪಾಲಿಟಿಯ ಮುಂದಿನ ಬಯಲಿನಲ್ಲಿ ದೊಡ್ಡ ಪೆಂಡಾಲು. ಅಲ್ಲಿ ಉತ್ಸವ ಕಮಿಟಿಯ ಅಧ್ಯಕ್ಷ, ಅರಳೆ ವ್ಯಾಪಾರಿ ಗವಿಸಿದ್ದಪ್ಪನವರು ತಲೆಗೆ ಕೈ ಹೊತ್ತು ಕೂತಿದ್ದರು. ಹುಡುಗಿಯರ ಸ್ವಾಗತಗೀತೆಗೆ ನುಡಿಸಬೇಕಾದ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದಿತ್ತು. ಒತ್ತಿದರೆ ದಮ್ಮು ಹತ್ತಿದ ಮುದುಕನಂತೆ ಸುಂಯ್ ಎನ್ನುತ್ತಿತ್ತು. ಮಂತ್ರಿಗಳು ವೇದಿಕೆಯ ಮೇಲೆ ಬಂದು ಕೂತಾಗಿತ್ತು. ಅಷ್ಟರಲ್ಲಿ ಪಿಯಾನೋದ ಗಾಡಿ ಬಂದು ಎದುರಿಗೆ ನಿಂತಿತು.

"ಮಾರ್ತಾಂಡರಾಯ್ರ, ದೇವರು ಕಳಿಸಿದಂಗ ಬಂದ್ರಿ," ಎಂದು ಗವಿಸಿದ್ದಪ್ಪ ಓಡಿಬಂದರು.

"ನಾ ಮನಿಗೆ ಹೊಂಟೀನ್ರಿ ಧಣ್ಯಾರ..."

"ಬಾರಸ್ತಾರ್ರಿ," ಎಂದು ಹನಮಪ್ಪ ಆಗಲೇ ಎತ್ತುಗಳನ್ನು ನೊಗದಿಂದ ಬಿಚ್ಚುತ್ತಿದ್ದ. "ಬಾರಸಾಕ ತಂದಾರ."

ಎಂಟು ಮಂದಿ ಪಿಯಾನೋ ಎತ್ತಿ ವೇದಿಕೆಗೆ ಇಟ್ಟರು. ಹಾಡು ಕಟ್ಟಿ ಕಲಿಸಿದ ಪಾಂಡುರಂಗ ಮಾಸ್ತರು ಮಾರ್ತಾಂಡನ ಕಿವಿಯ ಹತ್ತಿರ ಬಂದರು. ಊರಿಗೆಲ್ಲ ಸಂಗೀತ ಹೇಳಿಕೊಡುವ ಮಾಸ್ತರಿಗೆ ಜಾಝ್ ಎಂದರೆ ಹಾಡು ಮರೆತವರು ಅದನ್ನು ಹುಡುಕಾಡುವ ಸಪ್ಪಳ.

"ಹಾಡು ಹೆಂಗದನೋ ಹಂಗ ನುಡಸ್ಬೇಕು," ಎಂದರು. "ನಿಮ್ಮ ಫರ್ನಾಂಡಿಸನ ಆಟ ಇಲ್ಲಿ ನಡ್ಯೂದಿಲ್ಲ."

"ಇಲ್ರಿ ಮಾಸ್ತರ್. ಆಣಿ ಮಾಡ್ತೀನಿ."

ಮೊದಲನೆಯ ನುಡಿ ಆಣೆಯ ಪ್ರಕಾರವೇ ಹೋಯಿತು. ಹುಡುಗಿಯರು ಹಾಡಿದರು, ಮಾರ್ತಾಂಡ ಹಿಂದೆ ಹಿಂದೆ ಸಭ್ಯನಂತೆ ನಡೆದ. ಎರಡನೆಯ ನುಡಿಯ ಮೊದಲಿಗೆ ಎಡಗೈಯಿಂದ ಕೆಳಗಿನ ಷಡ್ಜ ಒತ್ತಿದ. ಗಾಡಿಯಲ್ಲಿ ಕುಲುಕಿ ಸಾಕಾಗಿದ್ದ ತಂತಿ ಟಣ್ ಎಂದು ಕಡಿಯಿತು.

ಬಾಜೂ ಸಪ್ತಕದಲ್ಲಿ ಇನ್ನೊಂದು ಷಡ್ಜ ಇತ್ತು. ಅದು ಮಾರ್ತಾಂಡನಿಗೆ ಗೊತ್ತೂ ಇತ್ತು. ಆದರೆ ತಂತಿ ಕಡಿದದ್ದು ಮೇಲಿನವನ ಅಪ್ಪಣೆ ಎಂದು ಅವನ ಎಡಗೈ ತಿಳಿದುಕೊಂಡಿತು. ಅದು ಸರಕ್ಕನೆ ಎರಡು ಮನೆ ಕೆಳಗೆ ಇಳಿದು, ಹಾಡಿನ ಅದೇ ಸ್ವರದ ಅಡಿಗೆ ಬೇರೆಯೇ ಒಂದು ಕಾರ್ಡು ಹಾಸಿತು.

ಹುಡುಗಿಯರು ಬೆಚ್ಚಿದರು. ಆದರೆ ಹಾಡು ಅದೇ, ಸ್ವರ ಅದೇ, ತಪ್ಪಾಗಿದೆ ಎನ್ನಲು ಏನೂ ಸಿಗಲಿಲ್ಲ. ಹಾಡುತ್ತಲೇ ಹೋದರು. ಇಷ್ಟು ಹೊತ್ತು ಕವಾಯಿತು ಮಾಡುತ್ತಿದ್ದ ಹಾಡು ಈಗ ಸಂಜೆಯ ಹೊತ್ತು ಹೊಲದಿಂದ ತಿರುಗಿ ಬರುವವರ ಹಾಗೆ ನಡೆಯತೊಡಗಿತು. ಮೂರನೆಯ ನುಡಿಗೆ ಮಾರ್ತಾಂಡ ಕಣ್ಣು ಮುಚ್ಚಿದ. ಸಾಲಿಗೊಂದು ಹೊಸ ನೆಲ. ಒಮ್ಮೆ ದುಃಖ ಬಂದಂತೆ, ಒಮ್ಮೆ ಯಾರೋ ಕಚಗುಳಿ ಇಟ್ಟಂತೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಯಾಕೆಂದು ಅವರಿಗೂ ಗೊತ್ತಾಗಲಿಲ್ಲ. ಪಾಂಡುರಂಗ ಮಾಸ್ತರು ಮಾತ್ರ ಎಣ್ಣೆಗೆ ಬಿದ್ದ ಹಪ್ಪಳದಂತೆ ನಿಂತಲ್ಲೇ ಮುದುಡುತ್ತಿದ್ದರು.

ಹಾಡಿನ ಕಡೆಯ ಸ್ವರ ಬಂತು. ಹುಡುಗಿಯರು ಅದನ್ನು ಹಿಡಿದು ನಿಂತರು. ಮಂತ್ರಿಗಳು ಭಾಷಣಕ್ಕೆಂದು ಎದ್ದರು. ಆದರೆ ಎಡಗೈ ಮನೆಗೆ ಬಂದಿರಲಿಲ್ಲ, ಓಣಿಯ ತಿರುವಿನಲ್ಲಿ ನಿಂತಿತ್ತು. ಹಾಡು ಮುಗಿದಂತೆ ಅನಿಸದೆ ಮಂತ್ರಿಗಳು ಕೂತರು. ಮಾರ್ತಾಂಡ ಇನ್ನೊಂದು ಕಾರ್ಡು ಒತ್ತಿದ. ಮುಗಿಯಿತೆಂದು ಮಂತ್ರಿಗಳು ಎದ್ದರು. ಅದು ಮತ್ತೊಂದು ಓಣಿಗೆ ಹೊರಳಿತು. ಮಂತ್ರಿಗಳು ಕೂತರು, ಅವರ ಜೊತೆ ವೇದಿಕೆಯೆಲ್ಲ ಕೂತಿತು. ಹುಡುಗಿಯರ ಮುಖಗಳು ಉಸಿರಿಲ್ಲದೆ ಕೆಂಪಾದವು. ಬಯಲಿನ ಮಂದಿಯೆಲ್ಲ ಉಸಿರು ಬಿಗಿಹಿಡಿದಿದ್ದರು. ಕಡೆಗೆ ಮಾರ್ತಾಂಡ ಇಷ್ಟಗಲ ನಕ್ಕು, ಮೇಲಿನ ಷಡ್ಜಕ್ಕೆ ಬಂದು ಇಳಿದ.

ಬಯಲು ಒಮ್ಮೆಲೆ ಉಸಿರು ಬಿಟ್ಟಿತು. ಆಮೇಲೆ ಬಿದ್ದ ಚಪ್ಪಾಳೆಗೆ ಹನಮಪ್ಪನ ಎತ್ತುಗಳು ಗೂಟ ಕಿತ್ತುಕೊಂಡವು.

"ಹಾಡು ಅದೇ ಇತ್ತು, ತಳಾ ಹೊಸಾದು ಬಂತು," ಎಂದರು ಗವಿಸಿದ್ದಪ್ಪ ಗದ್ಗದರಾಗಿ. "ನಮ್ಮ ನಾಡಿನ ಕತಿನೂ ಇವತ್ತು ಹಂಗ ಅಲ್ರೀ."

ಮಂತ್ರಿಗಳಿಗೆ ಈ ಮಾತು ಬಹಳ ಹಿಡಿಸಿತು. "ಈ ವಾದ್ಯ ಯಾರದು?" ಎಂದು ಕೇಳಿದರು.

ಗವಿಸಿದ್ದಪ್ಪನವರಿಗೆ ಆ ಸಂತೋಷದಲ್ಲಿ ಸತ್ಯ ಹೊಳೆಯಲಿಲ್ಲ. "ನಾಡಿಂದ ಸಾಹೇಬ್ರ. ಮಾರ್ತಾಂಡರಾಯ್ರು ನಾಡಿಗೆ ಅಂತನ ತಂದಾರ," ಎಂದರು.

ಮರುಗಳಿಗೆಯಲ್ಲಿ ಮಂತ್ರಿಗಳು ಕಹಳೆಯಂಥ ಧ್ವನಿವರ್ಧಕದಲ್ಲಿ ಮಾರ್ತಾಂಡನ ದಾನವನ್ನು ಊರಿಗೆಲ್ಲ ಸಾರಿದರು. ಪಿಯಾನೋ ಇನ್ನು ಸಾರ್ವಜನಿಕ ವಾಚನಾಲಯದ ಸ್ವತ್ತು. "ಅದು ಹಂಗಲ್ರೀ" ಎನ್ನಲು ಮಾರ್ತಾಂಡ ಬಾಯಿ ತೆರೆದ. ತೆರೆದ ಬಾಯಿಯ ಮೇಲೆ ಚೆಂಡುಹೂವಿನ ಹಾರ ಬಿತ್ತು. ಹೂವು ಉಗುಳುವಷ್ಟರಲ್ಲಿ ಶಾಲು ಬಂತು, ತೆಂಗಿನಕಾಯಿ ಬಂತು. ದಾನದ ಜೊತೆ ಕೀಲಿಯೂ ಹೋಗಬೇಕೆಂದು ಯಾರೋ ಅವನ ಜೇಬಿಗೆ ಕೈ ಹಾಕಿದರು.

ಮಾರ್ತಾಂಡ ಬಯಲಿನ ಮೂಲೆಯಲ್ಲಿ ತುಸು ಹೊತ್ತು ಕೂತ. ಆದರೆ ಅವನದು ಬಹಳ ಹೊತ್ತು ಅಳುವ ಸ್ವಭಾವವಲ್ಲ. ಇಡೀ ಊರು ತನ್ನ ಕಾರ್ಡು ಕೇಳಿ ಉಸಿರು ಹಿಡಿದದ್ದು ನೆನಪಾಗಿ ಅವನಿಗೆ ಒಬ್ಬನೇ ನಗೆ ಬಂತು. ಇನ್ನೊಂದು ಲಾಭವೂ ಹೊಳೆಯಿತು. ಪಿಯಾನೋ ಇಲ್ಲ, ಆದ್ದರಿಂದ ಜಗಳವೂ ಇಲ್ಲ. ಹಾಡು ಗುಣುಗುಣಿಸುತ್ತ ಬೆಟಗೇರಿಗೆ ನಡೆದ.

ಓಣಿ ಹೊರಳಿದರೆ ಧೂಳೋ ಧೂಳು. ಮನೆಯ ಮುಂದೆ ಮಂದಿ. ಮನೆಗೆ ಮುಂದಿನ ಗೋಡೆಯೇ ಇರಲಿಲ್ಲ. ಪಡಸಾಲೆ ನಾಟಕದ ರಂಗದಂತೆ ಬಾಯಿ ತೆರೆದು ನಿಂತಿತ್ತು. ಒಳಗೆ ಗೌಂಡಿ ಯಂಕಪ್ಪ ಹಾರೆಗೋಲು ಊರಿ ಬೆವರೊರೆಸಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಸೀರೆ ಎತ್ತಿ ಕಟ್ಟಿ, ತಲೆಯ ತುಂಬ ಸುಣ್ಣದ ಪುಡಿ ಹೊತ್ತು ಅಂಬುಬಾಯಿ ನಿಂತಿದ್ದಳು.

"ಬಂದ್ರ್ಯಾ? ಗಾಡಿ ಎಲ್ಲೆ?" ಎಂದಳು.

ಮಾರ್ತಾಂಡನ ಕೈಯಿಂದ ತೆಂಗಿನಕಾಯಿ ಜಾರಿತು.

"ಜಾನಕಿವೈನಿ ಮುಂಜಾನಿ ಬಸ್ಸಿನ ಕಂಡಕ್ಟರನ ಕಡೆ ಹೇಳಿ ಕಳಿಸಿದ್ರು," ಎಂದಳು ಅಂಬುಬಾಯಿ. "ಜಗಳಾ ಮಾಡ್ಬೇಕಂತನ ಬಸ್ ಹತ್ತಿದೆ. ಹಾದಿ ಮ್ಯಾಲೆ ವಿಚಾರ ಬಂತು. ನಿದ್ದಿಗಣ್ಣಾಗೂ ನನ್ನ ಬೆನ್ನ ಮ್ಯಾಲೆ ಬಾರಸ್ತಾರ, ಆ ಪೆಟ್ಟಿಗಿನ ಬರಲಿ ತಗೋ, ನನ್ನ ಬೆನ್ನರ ಉಳಿತದ ಅಂದೆ. ಬಂದು ಬಾಗಿಲಾ ನೋಡಿದೆ. ಎಮ್ಮಿ ಕರಾ ಹಾಯೂದಿಲ್ಲ, ಪಿಯಾನೋ ಹೆಂಗ ಹಾಯ್ತದ? ನೀವು ಅದನ್ನ ನೋಡೇ ಇಲ್ಲ. ಯಂಕಪ್ಪನ್ನ ಕರಿಸಿ ಕೆಡವಿಸಿಬಿಟ್ಟೆ."

ಪಿಯಾನೋ ದಾನವಾಗಿ ಹೋದದ್ದನ್ನು ಮಾರ್ತಾಂಡ ಹೇಳಬೇಕಿತ್ತು. ಹೇಳುವ ಅಗತ್ಯ ಬೀಳಲಿಲ್ಲ. ಓಣಿಯ ಆ ತುದಿಯಿಂದ ಹನಮಪ್ಪನ ಗಾಡಿ ಬರುತ್ತಿತ್ತು. ಗಾಡಿಯ ಮೇಲೆ ಪಿಯಾನೋ, ಅದರ ಹಿಂದೆ ಗವಿಸಿದ್ದಪ್ಪ, ಅವರ ಹಿಂದೆ ಕಮಿಟಿ.

"ವಾಚನಾಲಯದ ಬಾಗಿಲದಾಗ ಹಾಯವಲ್ದು ರಾಯ್ರ," ಎಂದು ಗವಿಸಿದ್ದಪ್ಪ ಏದುಸಿರು ಬಿಟ್ಟರು. "ಹೊರಗ ಬಿಟ್ರ ನಾಡಿನ ಆಸ್ತಿ ಹಾಳಾಕ್ಕೈತಿ. ಊರಾಗ ಇದು ಹಾಯೂವಂಥಾ ಮನಿ ನಿಮ್ಮದೊಂದ ಐತಿ ಅಂತ ಯಾರೋ ಅಂದ್ರು."

ಮಾರ್ತಾಂಡ ಅವರನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಎಂಟು ಮಂದಿ ಪಿಯಾನೋವನ್ನು ಪಡಸಾಲೆಯಲ್ಲಿಟ್ಟರು. ಅವನು ಸ್ಟೂಲು ಎಳೆದುಕೊಂಡು ಕೂತು, ಬೆರಳು ಚಟಪಟ ಮುರಿದು, ಮುಚ್ಚಳ ಎತ್ತಲು ಹೋದ. ಕೀಲಿ ಹಾಕಿತ್ತು.

"ಹಾಂ, ಅದನ್ನ ಹೇಳೂದ ಮರತೆ," ಎಂದರು ಗವಿಸಿದ್ದಪ್ಪ. "ಇದು ಈಗ ಸಾರ್ವಜನಿಕರದು. ಕೊಟ್ಟವರೇ ಕೈ ಹಚ್ಚಿದ್ರ ಮಂದಿ ಏನರ ಅಂತಾರ. ಅದಕ ಕಮಿಟಿಯವರು ಕೀಲಿನ ಪಾಂಡುರಂಗ ಮಾಸ್ತರ ಸ್ವಾಧೀನ ಮಾಡ್ಯಾರ."

ಹಬ್ಬ ಮುಗಿದ ಮರುದಿನದಿಂದ ಮಾಸ್ತರು ದಿನಾ ಸಂಜೆ ಬರತೊಡಗಿದರು. ಕೀಲಿ ತೆಗೆದು, ಬಲಗೈಯ ಒಂದೇ ಬೆರಳಿನಿಂದ ಆ ಸ್ವಾಗತಗೀತೆಯನ್ನು ಮೂರೂ ನುಡಿ ನುಡಿಸಿ, ಮತ್ತೆ ಕೀಲಿ ಹಾಕಿಕೊಂಡು ಹೋಗುವರು. ಇನ್ನೂ ಗೋಡೆ ಏಳದ ಮನೆಯಾದ್ದರಿಂದ ಓಣಿಯವರೆಲ್ಲ ರಸ್ತೆಯಲ್ಲೇ ಕೂತು ಕೇಳುವರು. ಮಾರ್ತಾಂಡ ಎಡಗೈಯನ್ನು ಬಗಲಲ್ಲಿ ಒತ್ತಿಹಿಡಿದು ಕಂಬಕ್ಕೊರಗಿ ನಿಂತಿರುವನು.

ಒಂದು ಸಂಜೆ ಅಂಬುಬಾಯಿ ಮಾಸ್ತರಿಗೆ ಚಹಾ ಕೊಟ್ಟು, ಕಪ್ಪು ಒಳಗೆ ಒಯ್ಯುವಾಗ ಗಂಡನ ಹತ್ತಿರ ನಿಂತು ಹೇಳಿದಳು:

"ನೀವೂ ಅವರ ಕಡೆ ಕಲೀರ್ಯಲಾ. ಸುಮ್ಮ ಎರಡೆರಡು ಕೈ ಯಾಕ ಬೇಕು?"