ದರ್ಜೆವಾರು ಲೈಫ್ ಜಾಕೆಟ್

ಅಳತೆ ಮತ್ತು ತೂಕಗಳ ಕಚೇರಿಯಲ್ಲಿ ಲೈಫ್ ಜಾಕೆಟ್‌ಗಳನ್ನು ಮೈಯಳತೆ ನೋಡಿ ಕೊಡುವ ಪದ್ಧತಿಯಿಲ್ಲ. ಹುದ್ದೆ ನೋಡಿ ಕೊಡಲಾಗುತ್ತದೆ.

ಇದಕ್ಕೆ ಕಾರಣವಿದೆ. ಹಿಂದೊಮ್ಮೆ ನೌಕರರ ವಾರ್ಷಿಕ ದೋಣಿವಿಹಾರದಲ್ಲಿ ಆನೆಯಂಥ ಜೀಪ್ ಚಾಲಕನಿಗೆ ಅತಿ ದೊಡ್ಡ ಜಾಕೆಟ್ಟೂ, ಕಡ್ಡಿಯಂಥ ನಿರ್ದೇಶಕರಿಗೆ ಸಣ್ಣದೂ ಬಂದುಬಿಟ್ಟಿತು. ನಿರ್ದೇಶಕರು ದಡದಲ್ಲೇ ಉಳಿದರು. ಮುಂದೆ ಮೂರು ದಿನ ಯಾವ ಕಡತಕ್ಕೂ ಸಹಿ ಹಾಕಲಿಲ್ಲ. ನಾಲ್ಕನೆಯ ದಿನ ಒಂದು ಸಮಿತಿ ರಚನೆಯಾಯಿತು.

ಸಮಿತಿಯ ಪರವಾಗಿ ಕೋಷ್ಟಕ ಬರೆದವರು ಉಗ್ರಾಣ ನೋಡಿಕೊಳ್ಳುವ ಮಹಿಳೆ. ಕಚೇರಿಗೆಲ್ಲ ಅವರು ಉಗ್ರಾಣದಮ್ಮ. ಪದವೀಧರೆ, ಅವರು ಗೆರೆ ಎಳೆದರೆ ಸ್ಕೇಲೇ ನಾಚಬೇಕು. ನಿರ್ದೇಶಕರಿಗೆ ಅತಿ ದೊಡ್ಡದು, ಅಧೀಕ್ಷಕರಿಗೆ ದೊಡ್ಡದು, ಗುಮಾಸ್ತರಿಗೆ ಮಧ್ಯಮ, ಉಳಿದವರಿಗೆ ಸಣ್ಣದು. ಅಂದಿನಿಂದ ಜೀಪ್ ಚಾಲಕ ತನ್ನ ಜಾಕೆಟ್ಟನ್ನು ಒಂದು ತೋಳಿಗೆ ಸಿಕ್ಕಿಸಿಕೊಂಡು ಬರುತ್ತಿದ್ದ. ಆ ತೋಳಿನ ಮಟ್ಟಿಗೆ ಅವನು ಸುರಕ್ಷಿತನೆಂದು ದಾಖಲಾಗುತ್ತಿತ್ತು.

ಈ ವರ್ಷದ ತೊಡಕು ಮಾತ್ರ ಉಗ್ರಾಣದಮ್ಮನ ಮನೆಯಿಂದಲೇ ಎದ್ದಿತು. ಅವರ ಅತ್ತೆಗೆ ಎಂಬತ್ತನಾಲ್ಕು ವರ್ಷ, ಮೂವತ್ತೆರಡು ಕಿಲೋ. ಆ ತೂಕದಲ್ಲಿ ಅರ್ಧ ನಾಲಿಗೆಯದೇ ಎಂದು ಸೊಸೆಯ ಅಂದಾಜು.

"ನನ್ನನ್ನೂ ದೋಣಿಗೆ ಕರ್ಕೊಂಡು ಹೋಗೇ. ಇಷ್ಟು ವರ್ಷ ಬದುಕಿ ನಾನು ನೀರು ನೋಡಿದ್ದು ಬರೀ ಬಕೆಟ್ಟಲ್ಲಿ."

"ಬರಬಹುದು ಅತ್ತೆ. ಆದ್ರೆ ನಿಮಗೆ ಜಾಕೆಟ್ ಕೊಡೋಕೆ ಬರಲ್ಲ."

"ಯಾಕೆ, ನಾನೇನು ಮುಳುಗಲ್ವಾ?"

"ಮುಳುಗ್ತೀರಿ. ಆದ್ರೆ ನಿಮಗೆ ದರ್ಜೆ ಇಲ್ಲ."

"ನಲವತ್ತು ವರ್ಷದಿಂದ ನಿನ್ನನ್ನ ಸಹಿಸ್ಕೊಂಡಿದ್ದೀನಿ. ನಿಮ್ಮ ಕಚೇರೀಲಿ ಅದಕ್ಕಿಂತ ದೊಡ್ಡ ಕೆಲಸ ಮಾಡಿದೋರು ಯಾರಿದ್ದಾರೆ, ತೋರ್ಸು!"

ಅಂಗಡಿಯಿಂದ ಒಂದು ತಂದರಾಯಿತಲ್ಲ ಎಂದು ಉಗ್ರಾಣದಮ್ಮನ ಮಗ ಸಲಹೆ ಕೊಟ್ಟ. "ಮುದ್ರೆ ಇಲ್ಲದ ಜಾಕೆಟ್ ತೇಲಬಹುದಪ್ಪ. ತೇಲಿದೆ ಅಂತ ಕಚೇರಿ ಒಪ್ಪಬೇಕಲ್ಲ?" ಎಂದು ಉಗ್ರಾಣದಮ್ಮ ಅವನ ಬಾಯಿ ಮುಚ್ಚಿಸಿದರು. ಆದರೆ ಜಾಕೆಟ್ ಇಲ್ಲದೆ ಮುದುಕಿಯನ್ನು ನೀರಿನ ಮೇಲೆ ಕೂರಿಸಲು ಮನಸ್ಸು ಒಪ್ಪದು. ದಾಖಲೆಯಿಲ್ಲದೆ ಜಾಕೆಟ್ ಕೊಡಲು ಕೈ ಒಪ್ಪದು. ಅತ್ತೆಯ ಆಸೆಯೋ, ಮುಂದಿನ ವರ್ಷದವರೆಗೆ ಕಾಯಿರಿ ಎನ್ನುವ ವಯಸ್ಸಿನದಲ್ಲ.

ಕೊನೆಗೆ ಅವರು ನಿರ್ದೇಶಕರಿಗೆ ಒಂದು ಟಿಪ್ಪಣಿ ಬರೆದರು. ಮರುದಿನ ಸೂಚನಾ ಫಲಕದಲ್ಲಿ ಹೀಗೊಂದು ಹಾಳೆ ಕಾಣಿಸಿತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ದೋಣಿವಿಹಾರದ ಒಂದು ದಿನದ ಮಟ್ಟಿಗೆ ತೇಲು ಪರಿಚಾರಕಿಯ ತಾತ್ಕಾಲಿಕ ಹುದ್ದೆಯೊಂದನ್ನು ಸೃಷ್ಟಿಸಲಾಗಿದೆ. ವಯೋಮಿತಿ ಮೂವತ್ತೈದು ವರ್ಷ. ಅರ್ಹರಿಗೆ ನಲವತ್ತೊಂಬತ್ತು ವರ್ಷಗಳ ಸಡಿಲಿಕೆ ಇರುತ್ತದೆ."

ಸಂದರ್ಶನಕ್ಕೆ ಒಬ್ಬರೇ ಬಂದರು.

"ಈಜು ಬರುತ್ತಾ?" ಎಂದರು ನಿರ್ದೇಶಕರು.

"ಬಂದಿದ್ರೆ ನಿಮ್ಮ ಬಾಗಿಲಿಗೆ ಯಾಕಪ್ಪ ಬರ್ತಿದ್ದೆ?"

ಸ್ಪಷ್ಟ ಉತ್ತರವೆಂದು ನಿರ್ದೇಶಕರು ಅಂಕ ಹಾಕಿದರು. "ಇನ್ನು ಐದು ವರ್ಷದಲ್ಲಿ ಎಲ್ಲಿರಬೇಕು ಅಂತಿದ್ದೀರಿ?"

"ನಾನಂತೂ ಮೇಲಿರ್ತೀನಿ. ನಿಮ್ಮದು ಹೇಳೋಕಾಗಲ್ಲ."

ಮಹತ್ವಾಕಾಂಕ್ಷೆ ಇದೆ ಎಂದು ಷರಾ ಬರೆದು ನೇಮಕಾತಿ ಪತ್ರ ಕೊಟ್ಟರು.

ವಿಹಾರದ ದಿನ ಉಗ್ರಾಣದಮ್ಮ ಅತ್ತೆಯಿಂದ ಉಗ್ರಾಣದ ಪುಸ್ತಕದಲ್ಲಿ ಸಹಿ ಪಡೆದು, ಸಣ್ಣ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿದರು. ಅಳತೆ ಕೊಟ್ಟು ಹೊಲಿಸಿದಂತಿತ್ತು. "ಹನ್ನೆರಡು ಜನದಲ್ಲಿ ನಿಮಗೊಬ್ರಿಗೇ ಸರಿಯಾಗಿ ಕೂತಿರೋದು, ಅಜ್ಜಿ" ಎಂದ ದೋಣಿಯವನು. ಅದು ಕಾಕತಾಳೀಯವೆಂದೂ ನಿಯಮದ ಉಲ್ಲಂಘನೆಯಲ್ಲವೆಂದೂ ಉಗ್ರಾಣದಮ್ಮ ಅವನಿಗೆ ವಿವರಿಸಿದರು.

ಕೆರೆಯ ನಡುವೆ ಅತ್ತೆ ಅಂಗೈಯನ್ನು ನೀರಿಗಿಳಿಸಿ, "ಅಯ್ಯೋ, ತಣ್ಣಗಿದೆ ಕಣೇ!" ಎಂದು ಮಗುವಿನಂತೆ ನಕ್ಕರು. ಉಗ್ರಾಣದಮ್ಮನಿಗೆ ಹೋದ ಜೀವ ಬಂದಂತಾಯಿತು.

ಆಗ ನಿರ್ದೇಶಕರು ಜಲಸುರಕ್ಷತೆಯ ಕುರಿತು ಎರಡು ಮಾತಾಡಲು ಎದ್ದು ನಿಂತರು. ಮೊದಲ ಮಾತು ಮುಗಿಯುವ ಮೊದಲೇ ನೀರಿಗೆ ಬಿದ್ದರು. ಅತಿ ದೊಡ್ಡ ಜಾಕೆಟ್ ಅವರ ತಲೆಯ ಮೇಲಿಂದ ಕಳಚಿಕೊಂಡು ಗಂಭೀರವಾಗಿ ತೇಲಿತು. ನಿರ್ದೇಶಕರು ತೇಲಲಿಲ್ಲ.

"ಜಾಕೆಟ್ ಗುಣಮಟ್ಟ ಚೆನ್ನಾಗಿದೆ" ಎಂದು ಹಿರಿಯ ಗುಮಾಸ್ತ ಬರೆದುಕೊಂಡ.

ಅಷ್ಟರಲ್ಲಿ ಅತ್ತೆ ತಮ್ಮ ಊರುಗೋಲು ಚಾಚಿ, ಅದರ ಕೊಕ್ಕೆಯನ್ನು ನಿರ್ದೇಶಕರ ಕಾಲರಿಗೆ ಹಾಕಿದ್ದರು. ದೋಣಿಯವನು ಎಳೆದು ಒಳಗೆ ಹಾಕಿದ. ಬಾಯಿಂದ ನೀರು ಹೊರಬಿದ್ದ ಬೆನ್ನಿಗೇ ನಿರ್ದೇಶಕರ ಆದೇಶವೂ ಹೊರಬಿತ್ತು: "ತೇಲು ಪರಿಚಾರಕಿಗೆ ಅಧೀಕ್ಷಕಿಯಾಗಿ ಬಡ್ತಿ. ತಕ್ಷಣದಿಂದ ಜಾರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಉಗ್ರಾಣದಮ್ಮ ತಟ್ಟಲಿಲ್ಲ. ಅಧೀಕ್ಷಕರ ದರ್ಜೆಗೆ ಯಾವ ಜಾಕೆಟ್ ಎಂಬುದು ಅವರಿಗೆ ಬಾಯಿಪಾಠವಿತ್ತು. ನಿಜವಾದ ಅಧೀಕ್ಷಕರು ರಜೆಯಲ್ಲಿದ್ದುದರಿಂದ ಆ ದೊಡ್ಡ ಜಾಕೆಟ್ ಉಗ್ರಾಣದಮ್ಮನ ಕಾಲಬುಡದಲ್ಲೇ ಇತ್ತು.

"ಸರ್, ದಡ ಸೇರಿದ ಮೇಲೆ ಜಾರಿ ಮಾಡೋಣ."

"ತಕ್ಷಣ ಅಂದ್ರೆ ತಕ್ಷಣ. ಕೋಷ್ಟಕ ನಿಮ್ಮದೇ ಅಲ್ವೇನಮ್ಮ?"

ಅವರದೇ. ಅವರು ಅತ್ತೆಯ ಕಿವಿಯ ಬಳಿ ಬಾಗಿದರು. "ಬಡ್ತಿ ಬೇಡ ಅಂದ್ಬಿಡಿ ಅತ್ತೆ. ದೊಡ್ಡದು ನಿಮ್ಮ ಮೈಮೇಲೆ ನಿಲ್ಲಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

"ಮದುವೆಯಾದ ದಿನದಿಂದ ಒಂದೇ ಹುದ್ದೇಲಿ ಕೊಳೀತಾ ಇದ್ದೀನಿ. ಮನೆಬಾಗಿಲಿಗೆ ಬಂದ ಬಡ್ತೀನ ಒದೀತೀನೇನೇ? ತೆಗಿ ಆ ಚಿಕ್ಕದನ್ನ!"

ಉಗ್ರಾಣದಮ್ಮ ಸಣ್ಣದನ್ನು ಬಿಚ್ಚಿ 'ವಾಪಸು' ಕಾಲಂನಲ್ಲಿ ಬರೆದರು. ದೊಡ್ಡದನ್ನು ತೊಡಿಸಿ 'ವಿತರಣೆ' ಕಾಲಂನಲ್ಲಿ ಬರೆದರು. ಅತ್ತೆ ಚಿಪ್ಪಿನಿಂದ ತಲೆ ಹೊರಹಾಕಿದ ಆಮೆಯಂತೆ ಕಂಡರು. ಆದರೆ ಅಂಥ ತೃಪ್ತ ಆಮೆಯನ್ನು ಆ ಕೆರೆ ಕಂಡಿರಲಾರದು.

"ಪಟ್ಟಿ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ ಅತ್ತೆ..."

"ಅಲ್ಲ ಕಣೇ," ಎಂದರು ಅತ್ತೆ, "ಅಧೀಕ್ಷಕಿ ಮುಂದೆ ಕೂತ್ಕೊಂಡೇ ಮಾತಾಡೋದಾ?"

ಉಗ್ರಾಣದಮ್ಮ ಒಂದು ಕ್ಷಣ ಯೋಚಿಸಿದರು. ಇದಕ್ಕೆ ವಿರುದ್ಧವಾದ ನಿಯಮ ಯಾವುದೂ ನೆನಪಾಗಲಿಲ್ಲ. ಎದ್ದು ನಿಂತರು. ಅವರಿಗೆ ಸಮಾನ ದರ್ಜೆಯ ಗುಮಾಸ್ತರೂ ಎದ್ದರು. ಕೆಳಗಿನ ದರ್ಜೆಯವರು ಏಳದಿರುವುದು ಹೇಗೆ? ಕೊನೆಗೆ ಜೀಪ್ ಚಾಲಕನೂ ಎದ್ದ. ದೋಣಿ ಎಡಕ್ಕೆ ವಾಲಿತು.

"ಕೂತ್ಕೊಳ್ರೀ ಎಲ್ಲಾ!" ದೋಣಿಯವನು ಅರಚಿದ.

"ನೀನು ಯಾವ ದರ್ಜೆಯಪ್ಪ?" ಎಂದು ನಿರ್ದೇಶಕರು ವಿಚಾರಿಸಿದರು.

ತನಗೆ ದರ್ಜೆಯೇ ಇಲ್ಲವೆಂಬುದು ದೋಣಿಯವನಿಗೆ ಹೊಳೆಯಿತು. ಹುಟ್ಟನ್ನು ಕೆಳಗಿಟ್ಟು ಅವನೂ ಎದ್ದು ನಿಂತ.

ಹೀಗೆ ನಿರ್ದೇಶಕರು ಮತ್ತು ನೂತನ ಅಧೀಕ್ಷಕಿ ಕುಳಿತು, ಮಿಕ್ಕವರೆಲ್ಲ ನಿಂತು, ದೋಣಿ ಗಾಳಿ ಬೀಸಿದತ್ತ ಸಾಗಿತು. ಇಂಥ ಶಿಸ್ತು ತಾವೆಲ್ಲೂ ಕಂಡಿಲ್ಲವೆಂದು ನಿರ್ದೇಶಕರು ಮೆಚ್ಚಿಕೊಂಡರು. ಉಗ್ರಾಣದಮ್ಮ ನೆಟ್ಟಗೆ ನಿಂತಿದ್ದರು. ಅವರ ಎಡಗೈ ಮಾತ್ರ ತಮ್ಮ ಹೊಸ ಮೇಲಧಿಕಾರಿಯ ಬೆನ್ನ ಹಿಂದೆ, ಯಾರಿಗೂ ಕಾಣದಂತೆ, ಆ ಮೂವತ್ತೆರಡು ಕಿಲೋವನ್ನು ಸೆರಗು ಸಮೇತ ಮುಷ್ಟಿಯಲ್ಲಿ ಹಿಡಿದಿತ್ತು.