ಹಾವಗೆಪ್ಪ ಮುಂಬೈಗೆ ಹೊರಟದ್ದು

ಸ್ವಲ್ಪ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿಯೇ ಏಳಿ. ಹಾವಗೆಪ್ಪನ ಪಾಡು ಅಂಥದು.

ನಿಜಾಮರ ಕಾಲ, ಭಾಲ್ಕಿಗೆ ರೈಲು ಬಂದ ಹೊಸತು. ಹಾವಗೆಪ್ಪನ ತಂಗಿ ವಿಮಲಾಬಾಯಿ ಮುಂಬೈಯಲ್ಲಿದ್ದಳು, ಗಂಡನಿಗೆ ಅಲ್ಲಿ ಗಿರಣಿ ಕೆಲಸ. ನಾಗರ ಪಂಚಮಿಗೆ ತವರಿಗೆ ಕರೆತರಲು ಅಣ್ಣ ಒಮ್ಮೆಯೂ ಹೋಗಿರಲಿಲ್ಲ. "ಈ ಸಲನೂ ಬರ್ಲಿಲ್ಲಂದ್ರ ನನಗ ತವರಿಲ್ಲ ಅಂತ ತಿಳಕೋತೇನಿ" ಎಂದು ಹೇಳಿಕಳಿಸಿದ್ದಳು. ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಎತ್ತಿ ಎತ್ತಿ ದಣಿದಿದ್ದ ಹಾವಗೆಪ್ಪ, ಸಂಜೆಯ ರೈಲಿಗೆ ಹೊರಡುವ ಮೊದಲು ಒಂದಿಷ್ಟು ನಿದ್ದೆ ಮಾಡೋಣವೆಂದು ಚಾಪೆ ಹಾಸಿದ.

ಅಷ್ಟರಲ್ಲಿ ಎದುರುಮನೆಯ ಶಾಲುಬಾಯಿ ಬಂದಳು.

"ಸಂಜೀ ಹೊತ್ತು ಚಲೋ ಇಲ್ಲ, ಹಾವಗೆಪ್ಪ. ಈಗೇ ಗಂಟು ತಂದು ನಮ್ಮನ್ಯಾಗ ಪ್ರಸ್ಥಾನ ಇಡು."

ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದಂತೆ ಲೆಕ್ಕ. ಹಾವಗೆಪ್ಪ ಗಂಟು ಇಟ್ಟು, ಆಕಳಿಸುತ್ತ ಮರಳಿದ. ಹೊಸ್ತಿಲಲ್ಲಿ ಹೆಂಡತಿ ಸುಂದರಬಾಯಿ ತಡೆದಳು.

"ರೀ, ಪ್ರಸ್ಥಾನ ಇಟ್ಟೀರಿ. ಊರಿಗಿ ಹೋಗಿ ಬರೂತನಕ ಒಳಗ ಬರಂಗಿಲ್ಲ."

"ಮಲಗಾಕೂ ಬರಂಗಿಲ್ಲೇನ?"

"ರೈಲಿನ್ಯಾಗ ಮಲಗ್ರಿ."

ರುಮಾಲು, ರೊಟ್ಟಿ ಎಲ್ಲ ಕಿಟಕಿಯಿಂದ ಹೊರಬಂದವು. ಹಾವಗೆಪ್ಪ ಶಾಲುಬಾಯಿಯ ಕಟ್ಟೆಯ ಮೇಲೆ ಅಡ್ಡಾದ.

"ಸುಮ್ನ ಬಿದ್ದೀದಿ, ನಾಕು ಕಟ್ಟಿಗಿ ಒಡಿ" ಎಂದಳು ಶಾಲುಬಾಯಿ. ಕಟ್ಟಿಗೆ ಮುಗಿದ ಮೇಲೆ ಬಾವಿಯ ನೀರು. ನೀರಿನ ಬಳಿಕ ಬೀಸುವ ಕಲ್ಲು.

ಇಳಿಹೊತ್ತಿಗೆ ಟಾಂಗಾದ ಅಬ್ದುಲ ಖಾದರ ಬಂದ. ಹಜ್‌ಗೆ ಹೋಗುವಾಗ ಮುಂಬೈಯಲ್ಲಿ ಹಡಗು ಹತ್ತಿದವನು, ಹಾಗಾಗಿ ಅಲ್ಲಿನ ಮಳೆಗೆ ಓಣಿಯಲ್ಲಿ ಅವನೇ ವಾರಸುದಾರ.

"ಅಲ್ಲಿ ಮಳಿ ಮ್ಯಾಲಿಂದ ಬರಂಗಿಲ್ಲ, ಭಾಯಿ. ಬಾಜೂಲಿಂದ ಬರ್ತದ."

ಹಾಗೆಂದು ತನ್ನ ಮೇಣಬಟ್ಟೆಯನ್ನು ಹಾವಗೆಪ್ಪನ ಮೈಗೆ ಸುತ್ತಿ ಹಗ್ಗ ಬಿಗಿದ. ಭಾಲ್ಕಿಯಲ್ಲಿ ಸುಡುಬಿಸಿಲು. ಹಾವಗೆಪ್ಪ ಕರಗುತ್ತಿರುವ ಬೆಲ್ಲದ ಪೆಂಟೆಯಂತೆ ಗಂಟು ಹಿಡಿದು ಟಾಂಗಾ ಹತ್ತಿದ.

ಸ್ಟೇಷನ್ನಿನಲ್ಲಿ ಮುಂಬೈ ಕಡೆಯಿಂದ ಬರುವ ರೈಲು ಮೊದಲು ಬಂತು. ಅದರಿಂದ ಗಂಡನ ಜೊತೆ ಇಳಿದವಳು ವಿಮಲಾಬಾಯಿ.

"ನಮ್ಮ ಬಾಡಗಿ ಖೋಲ್ಯಾಗ ಮೊಣಕಾಲ ಮಟ ನೀರು, ಅಣ್ಣಾ. ನಿನ್ನ ದಾರಿ ನೋಡ್ಕೋತ ಕುಂತ್ರ ತೇಲಿ ಹೋಗ್ತಿದ್ದೆ."

ಹಾವಗೆಪ್ಪನಿಗೆ ಅಳುವಷ್ಟು ಸಂತೋಷ. ತಂಗಿ ಬಂದಳು, ತವರು ಉಳಿಯಿತು, ಇನ್ನು ಮಲಗಬಹುದು. ಟಾಂಗಾ ಮನೆಗೆ ತಿರುಗಿತು. ತಂಗಿ, ಅವಳ ಗಂಡ ಕಾಲು ತೊಳೆದು ಒಳಗೆ ಹೋದರು. ಹಾವಗೆಪ್ಪನೂ ಹೊಸ್ತಿಲು ದಾಟಲು ಕಾಲೆತ್ತಿದ. ಶಾಲುಬಾಯಿ ಅಡ್ಡ ನಿಂತಳು.

"ಪ್ರಸ್ಥಾನದ ಗಂಟು ಊರು ಮುಟ್ಟದ ತಿರುಗಿ ಬಂದ್ರ, ಮನಿಗಿ ಬಂದ ಹೆಣ್ಣಮಗಳಿಗೇ ಕೇಡು."

"ಯಾರನ್ನ ಕರ್ಯಾಕ ಹೋಗ್ಲಿ, ಶಾಲುಕಾಕು? ಆಕಿ ಇಲ್ಲೇ ಬಂದಾಳಲ್ಲ."

"ಕರಿಯೂದು ಬ್ಯಾರೆ, ಹೋಗೂದು ಬ್ಯಾರೆ."

ಹಾವಗೆಪ್ಪ ಆಸೆಯಿಂದ ತಂಗಿಯ ಮುಖ ನೋಡಿದ. ಅವಳು ಯೋಚಿಸಿ, ಸೆರಗಿನ ತುದಿಯಿಂದ ಕೀಲಿಕೈ ಬಿಚ್ಚಿ ಹೊಸ್ತಿಲಾಚೆ ಚಾಚಿದಳು.

"ಹ್ಯಾಂಗೂ ಹೊಂಟೀದಿ, ಅಣ್ಣಾ. ಖೋಲ್ಯಾಗಿನ ನೀರು ಚೆಲ್ಲಿ, ಹಾಸಿಗಿ ಒಣಗಿಸಿ ಬಾ."

"ನಿನ್ನ ರೈಲು ತಡಾ ಅದ, ಭಾಯಿ. ಮುಟ್ಟಸ್ತೇನಿ, ಹತ್ತು" ಎಂದ ಖಾದರ.

ಒಳಗೆ ತಂಗಿಗೆ ಜೋಕಾಲಿ ಕಟ್ಟುತ್ತಿದ್ದರು, ಉಂಡೆಯ ಘಮ ಬರುತ್ತಿತ್ತು. ಹೇಳಿ, ಆ ಕೀಲಿಕೈ ಹಿಡಿದು ಹೊರಗೆ ನಿಂತವರು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?