ಸಾಕ್ಷಿ ನುಡಿದ ಖಾರಾ ಬನ್ನು

ಬಸವಕಲ್ಯಾಣದ ಶಂಕರಲಿಂಗನಿಗೆ ಶಿವ ಎಲ್ಲವನ್ನೂ ಕೊಟ್ಟಿದ್ದ. ಸೈಕಲ್ ಅಂಗಡಿ ಕೊಟ್ಟಿದ್ದ, ತಲೆಯ ಮೇಲೆ ಸೂರು ಕೊಟ್ಟಿದ್ದ, ವಿದ್ಯಾವತಿಯಂಥ ಹೆಂಡತಿಯನ್ನೂ ಕೊಟ್ಟಿದ್ದ. ಗೋಧಿ ಅರಗಿಸಿಕೊಳ್ಳುವ ಹೊಟ್ಟೆಯನ್ನು ಮಾತ್ರ ಕೊಡಲು ಮರೆತುಬಿಟ್ಟಿದ್ದ.

ಹೈದರಾಬಾದಿನ ಡಾಕ್ಟರು ಪರೀಕ್ಷೆ ಮಾಡಿ, ಗೋಧಿ, ಮೈದಾ, ರವೆ ಮೂರೂ ಬಂದ್ ಎಂದರು. ಜೋಳದ ರೊಟ್ಟಿಯ ಸೀಮೆಯಲ್ಲಿ ಹುಟ್ಟಿದವನಿಗೆ ಇದೇನು ದೊಡ್ಡ ಕಷ್ಟ ಎಂದು ಯಾರಾದರೂ ಕೇಳಬಹುದು. ಕಷ್ಟವಿದ್ದದ್ದು ಊಟದಲ್ಲಲ್ಲ, ಚಹಾದಲ್ಲಿ. ಮೀಸೆ ಮೂಡುವ ಮೊದಲಿನಿಂದ ಅವನು ಸಂಜೆಯ ಚಹಾದ ಜೊತೆ ಗುಂಡಪ್ಪನ ಬೇಕರಿಯ ಖಾರಾ ಬನ್ನು ತಿಂದವನು. ಬನ್ನಿಲ್ಲದ ಚಹಾ ಅವನಿಗೆ ಗಂಟೆಯಿಲ್ಲದ ಪೂಜೆಯಂತೆ ತೋರುತ್ತಿತ್ತು. ಒಮ್ಮೆ ಕದ್ದು ತಿಂದ. ಆಮೇಲೆ ಚೊಂಬು ಹಿಡಿದು ಹಿತ್ತಲಿಗೆ ಓಡಾಡುತ್ತ ಸಿಕ್ಕಿಬಿದ್ದ.

ಅಂದು ವಿದ್ಯಾವತಿ ಶಾಂತವಾಗಿಯೇ ಹೇಳಿದ್ದಳು: "ಇನ್ನೊಮ್ಮೆ ಬೇಕರಿದು ತಿಂದ್ರಿ ಅಂದ್ರ ಹುಮನಾಬಾದಿಂದ ನಮ್ಮವ್ವನ್ನ ಕರಕೊಂಡು ಬರ್ತೀನ್ರಿ. ನಿಮ್ಮ ತಾಟಿನ ಮುಂದ ಕುಂತು ಕಾಯ್ತಾಳ."

ಅತ್ತೆ ಭಾಗಮ್ಮ ಯಾರನ್ನೂ ಬೈಯುವವಳಲ್ಲ. ವಿಭೂತಿ ಹಚ್ಚಿಕೊಂಡು, ಕೈಮುಗಿದು ಕುಳಿತು, ಸುಮ್ಮನೆ ನೋಡುತ್ತಾಳೆ. ಆ ನೋಟಕ್ಕೆ ಒಮ್ಮೆ ಕಳ್ಳ ಎತ್ತೊಂದು ಬಾಯಲ್ಲಿದ್ದ ಮೇವನ್ನು ಹೊಲದ ಬದುವಿನಲ್ಲೇ ಇಟ್ಟು ಹೋಗಿತ್ತೆಂದು ಹುಮನಾಬಾದಿನಲ್ಲಿ ಮಾತಿದೆ.

ಆ ವರ್ಷ ಓಣಿಗೆ ಕೇಬಲ್ ಟೀವಿ ಬಂದಿತ್ತು. ಒಂದು ರಾತ್ರಿ ಅದರಲ್ಲಿ ಬಿಳಿ ಹೆಂಗಸೊಬ್ಬಳು ಗೋಧಿಯನ್ನು ಮುಟ್ಟದೆಯೇ ಬನ್ನಿನಂಥದ್ದನ್ನು ಬೇಯಿಸಿ ತೋರಿಸಿದಳು. ಅದಕ್ಕೆ ಸ್ಕೋನ್ ಎಂದು ಹೆಸರು. ಶಂಕರಲಿಂಗನ ಕಣ್ಣು ತುಂಬಿ ಬಂತು. ತನ್ನ ಮನೆಯ ಜೋಳಕ್ಕೂ ಆ ಭಾಗ್ಯ ಯಾಕಿರಬಾರದು ಎನ್ನಿಸಿತು.

ಅಮಾವಾಸ್ಯೆಯ ದಿನ ಕೂಡಿಬಂತು. ಅಂಗಡಿ ಬಂದ್. ವಿದ್ಯಾವತಿ ತಾಯಿಯ ಜೊತೆ ವೀರಭದ್ರ ದೇವರ ದರ್ಶನ ಮಾಡಿಬರಲು ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋದಳು. ಸಂಜೆ ಅವಳು ಬರುವುದರೊಳಗೆ ಒಂದೇ ಒಂದು ಬಿಸಿ ಖಾರಾ ಬನ್ನು, ಅದೂ ಜೋಳದ್ದು, ಅವಳ ಮಾತು ಮೀರದೆ, ಚಹಾದಲ್ಲಿ ಅದ್ದಿ ತಿನ್ನಬೇಕು. ಶಿವನ ಹತ್ತಿರ ಅವನು ಅಂದು ಬೇಡಿಕೊಂಡದ್ದು ಇಷ್ಟೇ.

ಜೋಳದ ಹಿಟ್ಟಿಗೆ ಬೆಣ್ಣೆ, ಮೊಸರು, ತಿನ್ನುವ ಸೋಡಾ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ ಬೆರೆಸಿ ಕಲಸಿದ. ಕುಕ್ಕರಿನಲ್ಲಿ ಮರಳು ಹಾಕಿ, ಅದರ ಮೇಲೆ ತಾಟಿಟ್ಟು ಬೇಯಿಸಬಹುದೆಂದು ಎಲ್ಲೋ ಕೇಳಿದ್ದ. ಮುಚ್ಚಳದ ರಬ್ಬರು ತೆಗೆಯಬೇಕೆಂಬುದನ್ನು ಮಾತ್ರ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಓಣಿಯ ತುಂಬ ಟೈರು ಸುಟ್ಟ ವಾಸನೆ ಹಬ್ಬಿತು. ಪಕ್ಕದ ಮನೆಯ ಮುದುಕಿ ಗಯಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದಳು.

"ತಮ್ಮಾ, ಸೈಕಲ್ ಟ್ಯೂಬಿನ ಪಲ್ಯ ಮಾಡಾಕತ್ತಿ ಏನು?"

"ಇಲ್ರಿ ಅಕ್ಕಾ. ಬನ್ನು."

"ಬನ್ನಾ? ಹೆಂಡ್ತಿ ಬಸ್ಸು ಹತ್ತಿದ್ದೇ ತಡ, ಇವನ ಕೈಗೆ ರೆಕ್ಕಿ ಬಂದ್ವು."

ಎದುರು ಮನೆಯ ಅನ್ವರಿಯೂ ಓಡಿ ಬಂದಳು. ಮೂವರೂ ಸೇರಿ ಮುಚ್ಚಳ ತೆಗೆದರು. ಒಳಗಿದ್ದ ಬನ್ನುಗಳು ಕೋಟೆಯ ಗೋಡೆಯಿಂದ ಉದುರಿದ ಕಲ್ಲುಗಳಂತಿದ್ದವು. ಅನ್ವರಿ ಒಂದನ್ನು ಎತ್ತಿ ಕಟ್ಟೆಗೆ ಬಡಿದಳು. ಕಟ್ಟೆಯ ಮೂಲೆ ಸ್ವಲ್ಪ ಉದುರಿತು.

"ಭಾಯಿಸಾಬ್, ಇದನ್ನ ತಿನ್ನಬ್ಯಾಡ್ರಿ. ಬಾಗಲಿಗೆ ಆನಿಕಿ ಕೊಡ್ರಿ, ಗಾಳಿಗೆ ಬಡಕೊಳ್ಳಾದು ನಿಲ್ಲತದ."

ಶಂಕರಲಿಂಗ ನೆಲದ ಮೇಲೆ ಕುಳಿತುಬಿಟ್ಟ. ಡಾಕ್ಟರು ಹೇಳಿದ್ದು, ಚಹಾದ ಆಸೆ, ಅತ್ತೆಯ ನೋಟ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡ. ಗಯಾಬಾಯಿಯ ಮನಸ್ಸು ಕರಗಿತು.

"ಜ್ವಾಳದ ಹಿಟ್ಟಿಗೆ ಜಿಗಿ ಇರಂಗಿಲ್ಲೋ ತಮ್ಮಾ. ಅದಕ್ಕ ರೊಟ್ಟಿಗಿ ಕುದಿಯೋ ನೀರು ಹಾಕ್ತೀವಿ. ಅಗಸಿ ಬೀಜ ನೆನಸಿ ರುಬ್ಬಿ ಹಾಕು, ಅಂಟ ಹಿಡದಂಗ ಹಿಡೀತದ."

ಅಲ್ಲಿಂದ ಮುಂದೆ ಅಡುಗೆಮನೆ ಅವನದಾಗಿ ಉಳಿಯಲಿಲ್ಲ. ಗಯಾಬಾಯಿ ಒಂದು ಬಟ್ಟಲು ಹುಳಿ ಮೊಸರು ತಂದಳು. ಅನ್ವರಿ ಒಂದು ಡಬ್ಬಿಯಲ್ಲಿ ಬೆಣ್ಣೆಯನ್ನೂ, ಬೇಯಿಸಲು ದಪ್ಪ ತಳದ ಬೋಗುಣಿಯನ್ನೂ ತಂದಳು. ಜೀರಿಗೆ ಹಾಕಬೇಕೋ ಅಜವಾನ ಹಾಕಬೇಕೋ ಎಂದು ಇಬ್ಬರೂ ಜಗಳಾಡಿ, ಎರಡನ್ನೂ ಹಾಕಿದರು. ಶಂಕರಲಿಂಗ ಒಲೆಯ ಹತ್ತಿರ ಜಾಗ ಸಿಗದೆ, ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸತೊಡಗಿದ.

ಬೋಗುಣಿಯ ಮುಚ್ಚಳ ತೆಗೆದಾಗ ಒಳಗಿನಿಂದ ಬಂದ ಪರಿಮಳವನ್ನು ಏನೆನ್ನಲಿ. ಬೆಣ್ಣೆ, ಉಳ್ಳಾಗಡ್ಡಿ, ಸುಟ್ಟ ಜೋಳ ಮೂರೂ ಕೈ ಕೈ ಹಿಡಿದು ಹೊರಗೆ ಬಂದಂತಿತ್ತು. ಬನ್ನುಗಳು ಹೊಂಬಣ್ಣಕ್ಕೆ ತಿರುಗಿ, ನೆತ್ತಿ ಬಿರಿದು, ನಗುತ್ತ ಕುಳಿತಿದ್ದವು. ಗಯಾಬಾಯಿ ಅವನ್ನೆಲ್ಲ ಅಗಲವಾದ ಪರಾತಕ್ಕೆ ತೆಗೆದಿಟ್ಟು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ನನ್ನ ಹಲ್ಲಿಲ್ಲದ ಬಾಯಿಗೂ ಕರಗಿತು ನೋಡೋ."

ಶಂಕರಲಿಂಗ ಕೈ ಚಾಚಿದ. ಅಷ್ಟರಲ್ಲಿ ಅವನ ಕಣ್ಣು ಕಟ್ಟೆಯ ಮೇಲಿದ್ದ ಬಟ್ಟಲು, ಡಬ್ಬಿ, ಬೋಗುಣಿಗಳ ಮೇಲೆ ಬಿತ್ತು. ನೆರೆಮನೆಯ ಪಾತ್ರೆ ಬರಿದಾಗಿ ಹಿಂತಿರುಗಬಾರದು. ಅದು ಅವನ ತಾಯಿ ಕಲಿಸಿದ್ದು, ಅವಳಿಗೆ ಅವಳ ತಾಯಿ ಕಲಿಸಿದ್ದು. ಬಟ್ಟಲಿಗೆ ಕೆಲವನ್ನು ಹಾಕಿದ. ಡಬ್ಬಿಗೆ ಕೆಲವನ್ನು ಹಾಕಿದ. ಬೋಗುಣಿ ಎಲ್ಲಕ್ಕಿಂತ ದೊಡ್ಡದು. ಅದರ ತಳದಲ್ಲಿ ಎರಡೇ ಇಟ್ಟರೆ ಏನು ಮರ್ಯಾದೆ ಎಂದು ಉಳಿದವನ್ನೂ ಹಾಕಿದ. ಕೊನೆಗೆ ಪರಾತದಲ್ಲಿ ಒಂದೇ ಒಂದು ಉಳಿಯಿತು. ತನಗೆ ಅಷ್ಟು ಸಾಕು ಎಂದು ಅದನ್ನು ದೇವರ ಜಗಲಿಯ ಮೇಲಿಟ್ಟು, ಕೈಮುಗಿದು, ಚಹಾಕ್ಕೆ ನೀರಿಟ್ಟ.

ಬನ್ನು ಹೊತ್ತು ಹೋದ ಎರಡೂ ಮನೆಯವರು, ನೀರು ಕುದಿಯುವುದರೊಳಗೆ ಅಷ್ಟನ್ನೂ ತಿಂದು ಮುಗಿಸಿ ತಿರುಗಿ ಬಂದರು. ಹೆಂಡತಿ ಮನೆಯಲ್ಲಿಲ್ಲದ ಗಂಡಸಿಗೆ ಅಮಾವಾಸ್ಯೆಯ ದಿನ ಸಿಹಿ ಯಾರು ಕೊಡಬೇಕು? ಗಯಾಬಾಯಿ ತುಪ್ಪ ತೇಲುವ ಗೋಧಿ ಹುಗ್ಗಿ ತಂದಿದ್ದಳು. ಅನ್ವರಿ ಹಾಲು ಶಾವಿಗೆ ತಂದಿದ್ದಳು.

"ಅಕ್ಕಾ, ನಂಗ ಗೋಧಿ ನಡೆಯಂಗಿಲ್ಲ ಅಂತ ಈಗರೆ ಹೇಳೀನಲ್ರಿ."

"ಗೋಧಿ ಅಂದ್ರ ಚಪಾತಿ ಬ್ಯಾಡಂದಾರ. ಹುಗ್ಗಿ ಪ್ರಸಾದ ಇರತದೋ."

"ಇದರಾಗ ಅಂತೂ ಗೋಧಿ ಇಲ್ಲೇ ಇಲ್ಲ ಭಾಯಿಸಾಬ್," ಎಂದಳು ಅನ್ವರಿ. "ಬರೀ ಶಾವಿಗಿ."

ತಂದ ಅನ್ನವನ್ನು ಬೇಡವೆನ್ನಬಾರದು. ಎರಡು ಬಟ್ಟಲುಗಳನ್ನೂ ಮುಂದಿಟ್ಟುಕೊಂಡು, ಇವನ್ನು ಯಾರಿಗೆ ಕೊಡಲಿ ಎಂದು ಅವನು ಯೋಚಿಸುತ್ತಿರುವಾಗಲೇ ಬಾಗಿಲಲ್ಲಿ ಬಳೆಯ ಸದ್ದಾಯಿತು. ವಿದ್ಯಾವತಿ ಸಂಜೆಯ ಬಸ್ಸಿಗೆ ಕಾಯದೆ ಅದಕ್ಕೂ ಮೊದಲಿನ ಬಸ್ಸಿಗೇ ಬಂದಿದ್ದಳು. ಅವಳು ಹುಗ್ಗಿ ನೋಡಿದಳು, ಶಾವಿಗೆ ನೋಡಿದಳು, ಸುಟ್ಟ ರಬ್ಬರು ನೋಡಿದಳು. ಕೊನೆಗೆ ಗಂಡನ ಅಂಗಿಯ ಮೇಲಿನ ಹಿಟ್ಟು ನೋಡಿದಳು.

"ನಾ ಊರ ದಾಟೂದ್ರಾಗ ಇಲ್ಲಿ ಲಗ್ನ ನಡೀತೇನು?"

"ವಿದ್ಯಾ, ನಾ ಒಂದು ತುತ್ತೂ ಮುಟ್ಟಿಲ್ಲ. ಜ್ವಾಳದ ಬನ್ನು ಮಾಡಿದ್ದೆ. ಬೇಕಾದ್ರ ಇವರನ್ನ ಕೇಳು."

ಗಯಾಬಾಯಿ ಅವನನ್ನು ಕಾಪಾಡಲು ಮುಂದೆ ಬಂದಳು. "ಹೌದವ್ವಾ. ಎಷ್ಟ ಮೆತ್ತಗಿದ್ವು ಅಂತಿ, ಜ್ವಾಳದ್ದು ಅಂದ್ರ ದೇವರೂ ನಂಬಂಗಿಲ್ಲ."

"ಥೇಟ್ ಬೇಕರಿದು ಇದ್ದಂಗ ಇದ್ವು," ಎಂದು ಅನ್ವರಿ ಇನ್ನಷ್ಟು ಕಾಪಾಡಿದಳು.

ವಿದ್ಯಾವತಿಯ ಹುಬ್ಬು ಏರಿತು. ಶಂಕರಲಿಂಗನಿಗೆ ಆಗ ಜಗಲಿಯ ಮೇಲಿನ ಬನ್ನು ನೆನಪಾಯಿತು. ಎರಡು ಕೈಯಲ್ಲಿ ಎತ್ತಿ ತಂದ. ನೈವೇದ್ಯ ಹಿಡಿದ ಹಾಗೆ ಹಿಡಿದಿದ್ದ. ಅದೇ ಹೊತ್ತಿಗೆ ಬೇಕರಿಯ ಗುಂಡಪ್ಪ ಓಣಿಯಲ್ಲಿ ಹೋಗುತ್ತಿದ್ದ. ಅಮಾವಾಸ್ಯೆಯಾದ್ದರಿಂದ ಮಧ್ಯಾಹ್ನಕ್ಕೇ ಭಟ್ಟಿ ಆರಿಸಿ ಮನೆಗೆ ಹೊರಟಿದ್ದ. ವಿದ್ಯಾವತಿಯೇ ಅವನನ್ನು ಕರೆದಳು.

"ಗುಂಡಪ್ಪಣ್ಣಾ, ಜರಾ ಒಳಗ ಬರ್ರಿ. ಇದು ಜ್ವಾಳದ್ದೋ ಮೈದಾದ್ದೋ ಹೇಳ್ರಿ."

ಗುಂಡಪ್ಪ ಬನ್ನನ್ನು ತಿರುಗಿಸಿ ನೋಡಿದ. ಮೂಸಿದ. ಅರ್ಧ ಮುರಿದು ಬಾಯಿಗೆ ಹಾಕಿಕೊಂಡ. ಅವನು ಅಗಿದ, ಯೋಚಿಸಿದ, ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡ. ಶಂಕರಲಿಂಗನ ಇಡೀ ದಿನದ ತಪಸ್ಸು ಗುಂಡಪ್ಪನ ಗಂಟಲಿನಲ್ಲಿ ಇಳಿಯಿತು.

"ತಂಗೆವ್ವಾ," ಎಂದ ಗುಂಡಪ್ಪ, ಮೀಸೆ ಒರೆಸಿಕೊಳ್ಳುತ್ತ, "ಇಂಥಾ ಬನ್ನು ಈ ಊರಾಗ ಒಂದೇ ಕಡೆ ಆಗತದ. ಇದು ನಮ್ಮ ಅಂಗಡಿದೇ."

ಅದಕ್ಕೆ ಮೇಲ್ಮನವಿ ಇರಲಿಲ್ಲ. ಸಾಕ್ಷಿಯೂ ಉಳಿದಿರಲಿಲ್ಲ.

"ನಾಳಿ ಮುಂಜಾನಿ ಬಸ್ಸಿಗೆ ಅವ್ವ ಬರ್ತಾಳ್ರಿ," ಎಂದಳು ವಿದ್ಯಾವತಿ. "ಇನ್ನ ನಿಮ್ಮ ಕಾಲು ಬೇಕರಿ ಮೆಟ್ಟಲಾ ಹತ್ತಂಗಿಲ್ಲ." ಹುಗ್ಗಿಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಹೆಂಗಸರೂ ಚದುರಿದರು.

ಗುಂಡಪ್ಪ ಮಾತ್ರ ಹೊಸ್ತಿಲ ಬಳಿ ಚಪ್ಪಲಿ ಹುಡುಕುತ್ತ ತಡಮಾಡಿದ. ಸುತ್ತ ನೋಡಿ, ಶಂಕರಲಿಂಗನ ಕಿವಿಯ ಹತ್ತಿರ ಬಗ್ಗಿದ.

"ಶಂಕರಣ್ಣಾ, ಅಗಸಿ ನೆನಸಿ ಹಾಕಿದ್ರೋ, ಹುರದು ಹಾಕಿದ್ರೋ?"

ಶಂಕರಲಿಂಗ ಅವನನ್ನೇ ನೋಡಿದ. "ಅಂದ್ರ ನಿಮಗ ಗೊತ್ತಾಗಿತ್ತು."

"ಮೊದಲ ತುತ್ತಿಗೇ ಗೊತ್ತಾತ್ರಿ. ಆದ್ರ ಇಡೀ ಓಣಿ ಮನ್ಯಾಗ ಮಾಡ್ಕೊಂಡ್ರ ನನ್ನ ಭಟ್ಟಿ ಹ್ಯಾಂಗ ಉರೀಬೇಕು? ನೀವು ಚಿಂತಿ ಬಿಡ್ರಿ. ನಾಳಿಂದ ನಾನೇ ಜ್ವಾಳದ್ದು ಮಾಡ್ತೀನಿ. ಗೋಧಿ ಹೆಸರಿಲ್ಲ. ಸಂಜೀಕ ಬಿಸಿ ಬಿಸಿ ಸಿಗತಾವ, ಬರ್ರಿ."

ಶಂಕರಲಿಂಗನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಶರಣರ ಊರಿನಲ್ಲಿ ಹುಟ್ಟಿ, ಕೇಳಿದವನಿಗೆ ಇಲ್ಲ ಎನ್ನುವುದು ಹೇಗೆ?

"ನೆನಸಿ, ರುಬ್ಬಿ," ಎಂದ. "ಮೊಸರು ಹುಳಿ ಇರಲಿ."

ಒಳಗಿನಿಂದ ತಾಟು ಇಟ್ಟ ಸದ್ದು ಬಂತು. ವಿದ್ಯಾವತಿ ಬಿಸಿ ಚಹಾ ಇಟ್ಟಿದ್ದಳು, ಅದರ ಪಕ್ಕದಲ್ಲಿ ಬೆಳಗಿನ ಜೋಳದ ರೊಟ್ಟಿ. ಎದುರಿಗೆ, ನಾಳೆ ಭಾಗಮ್ಮ ಕೂರಲಿಕ್ಕೆಂದು, ಮಣೆಯನ್ನೂ ಒರೆಸಿ ಇಟ್ಟಿದ್ದಳು.